ಉಪ್ಪಾದ ಬಾವಿ

ಮಿರ್ಜಾನದ ಕಡವಿನಲ್ಲಿ ದೋಣಿಗೆ ಕಾದಿದ್ದ ಅದೇ ಊರಿನ ಮಾಸ್ತಮ್ಮನ ಪಕ್ಕದಲ್ಲೇ ಕಿರಿಸ್ತಾನರ ಇನಾಸ ತನ್ನ ನೆರೆಮನೆಯ ಗಣಪಿಯನ್ನು ತಡೆದು ನಿಲ್ಲಿಸಿದ.

“ಗಣಪಕ್ಕ, ನಿಮ್ಮ ಮೇಲಿನ ಸಿಟ್ಟಲ್ಲಿ ಹೊಳೆಒಡ್ಡು ಕಡಿದವ ನಾನೇ. ಪಾದ್ರಿಗಳ ಹತ್ರ ಒಪ್ಕಂಡೆ.”

“ಊರಿಗೆಲ್ಲ ಗೊತ್ತಿದ್ದದ್ದು ನಿನ್ನ ಪಾದ್ರಿಗೆ ಈಗ ಗೊತ್ತಾತಾ?”

“ದೇವರು ಕ್ಷಮಿಸ್ತಾನೆ ಅಂದ್ರು. ಆದ್ರೆ ಪಶ್ಚಾತ್ತಾಪ ಬರೀ ಬಾಯಲ್ಲಿದ್ರೆ ಸಾಲ್ದು, ಮರ ಅಂದ್ಮೇಲೆ ಹಣ್ಣು ಬಿಡ್ಬೇಕು ಅಂದ್ರು.”

“ಹೊಳೆಯ ಉಪ್ಪುನೀರು ನುಗ್ಗಿ ನನ್ನ ಬಾವಿ ಉಪ್ಪಾತು. ಇನ್ನೆಂತ ಹಣ್ಣು?”

“ದಿಬ್ಬದ ಮೇಲಿನ ನಮ್ಮ ಬಾವಿಯ ಸಿಹಿನೀರು ದಿನಾ ಹೊತ್ತು ತಂದು ಹಾಕ್ತೆ.”

“ನೀ ಮುಟ್ಟಿದ ನೀರು ನಮ್ಮ ಒಲೆ ಏರೂದಿಲ್ಲ. ನಿಂಗೆ ಗೊತ್ತಿಲ್ವಾ?”

“ಹಂಗಾರೆ ನೀವೇ ಬಂದು ಸೇದ್ಕಳ್ಳಿ.”

“ನಿಮ್ಮ ಕೊಡ ಇಳಿಯೂ ಬಾವಿಂದಾ? ಉಪ್ಪುಗಂಜಿ ಕುಡ್ದೇ ಸಾಯ್ತೆ ಅಂತಾಳೆ ನನ್ನತ್ತೆ.”

“ಮತ್ತೆ ನಾನೆಂತ ಮಾಡ್ಲಿ, ಅಕ್ಕಾ?”

“ಒಡ್ಡು ಕಡಿಯೂಕೆ ಮುಂಚೆ ಕೇಳೂದಾಗಿತ್ತು.”

ತಾನಾಗಿದ್ದರೂ ಇನಾಸನ ಬಾವಿಯ ನೀರು ಕುಡಿಯುತ್ತಿರಲಿಲ್ಲ ಎಂದುಕೊಂಡು ಮಾಸ್ತಮ್ಮ ತಲೆ ತಗ್ಗಿಸಿದಳು. ಅಷ್ಟರಲ್ಲಿ ದೋಣಿ ಬಂತು. ಆಚೆ ದಡದಿಂದ ಸಿಹಿನೀರು ತರಲು ಗಣಪಿ ಖಾಲಿ ಕೊಡಗಳೊಂದಿಗೆ ಹತ್ತಿದಳು. ಕೆಳಗುಳಿದ ಒಂದನ್ನು ಎತ್ತಿಕೊಡಲು ಇನಾಸ ಬಗ್ಗಿದ.

“ಮುಟ್ಟಬೇಡ!”

ಅವನು ಕೈ ಹಿಂದೆ ಕಟ್ಟಿಕೊಂಡು ನಿಂತ. ಕೊಡವನ್ನು ಮಾಸ್ತಮ್ಮನೇ ಎತ್ತಿಕೊಟ್ಟು ತಾನೂ ಹತ್ತಿದಳು. ದೋಣಿ ದಡ ಬಿಟ್ಟಿತು.