ಅಮ್ಮನ ರಾಜಪಾರ್ಟಿನ ಕಿರೀಟ ಸವಾಲಿಗೆ ಹೋದ ಬಗ್ಗೆ

ಹೆಸರು ವಿಶಾಲಾಕ್ಷಿ, ಗಂಡ ಸತ್ಯನಾರಾಯಣ, ವಯಸ್ಸು ಅರವತ್ತಮೂರು, ಉದ್ಯೋಗ ಮಕ್ಕಳಿಗೆ ನಾಟಕ ಕಲಿಸುವುದು, ವಾಸ ಸ್ಟ್ಯಾನ್ಮೋರ್. ಪೊಲೀಸರ ಮುಂದೆ, ದುಭಾಷಿಯ ಸಮಕ್ಷಮದಲ್ಲಿ, ಕನ್ನಡದಲ್ಲಿ ನಾನು ಹೇಳಿ ಬರೆಸುತ್ತಿರುವುದು ಹೀಗಿದೆ.

ನನ್ನ ತಾಯಿ ಹೆಂಗಸರ ನಾಟಕ ಕಂಪನಿಯಲ್ಲಿ ಇಪ್ಪತ್ತೆರಡು ವರ್ಷ ರಾಜಪಾರ್ಟು ಮಾಡಿದವರು. ಅವರ ಕಿರೀಟ ನನ್ನಲ್ಲಿತ್ತು. ಮರ, ಬೇಗಡೆ, ಗಾಜಿನ ಹರಳು, ಒಳಗೆ ಅಮ್ಮನ ಹಣೆಗೆ ತಾಗುತ್ತಿದ್ದ ಬಟ್ಟೆಪಟ್ಟಿ, ಅಷ್ಟೇ.

ಈ ತಿಂಗಳ 10ರ ಸೋಮವಾರದಿಂದ 15ರ ಶನಿವಾರದವರೆಗೆ ಕಾಲೇಜಿನ ಕನ್ನಡ ಹುಡುಗಿಯರ ಬಳಗ, ಆಸ್ಪತ್ರೆಯ ಮಕ್ಕಳ ವಾರ್ಡಿಗಾಗಿ ಸಹಾಯಾರ್ಥ ಸಪ್ತಾಹ ನಡೆಸಿತು. ಅಧ್ಯಕ್ಷೆ ವಿಭಾ, ವಯಸ್ಸು ಇಪ್ಪತ್ತು, ವಾಸ ಕೊಲಿಂಡೇಲ್. ಆಂಟಿ, ನೀವಿಲ್ಲದಿದ್ರೆ ನಮಗೆ ಪರದೆ ಎಳೆಯೋಕೂ ಬರಲ್ಲ ಎಂದು ಮನೆಗೆ ಬಂದು ಕೇಳಿದಳು. ಹೊಗಳಿಕೆಗೆ ನಾನು ಬಿದ್ದೆ. ಸೋಮವಾರ ದೋಸೆ, ಬುಧವಾರ ಟ್ಯೂಬ್ ರೈಲು ಸ್ಟೇಷನ್ನಿನ ಮುಂದೆ ಕೋಲಾಟ, ಹೀಗೆ ಆರೂ ದಿನದ ಪಟ್ಟಿ ಬರೆದವಳು ನಾನು. ಶನಿವಾರ ನಾಟಕ, ಆಮೇಲೆ ದಾನಿಗಳು ಕೊಟ್ಟ ವಸ್ತುಗಳ ಸವಾಲು, ಅಂದರೆ ಹರಾಜು.

ಶನಿವಾರ ಸಂಜೆ 5.40ಕ್ಕೆ ರಂಗದ ಎಡಬದಿಯ ಮೇಜಿನ ಮೇಲೆ ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿಯ ತಟ್ಟೆಯಲ್ಲಿ ಕಿರೀಟವಿಟ್ಟು ಪೂಜೆ ಮಾಡಿದೆ. ಪೂಜೆಯಾಗದೆ ಅದು ತಲೆಗೇರಕೂಡದು, ಆಟ ಮುಗಿದ ಮೇಲೆ ಅದೇ ತಟ್ಟೆಗೆ ಮರಳಬೇಕು. ಇದು ಕಂಪನಿಯ ಕಟ್ಟಳೆ. 8.20ಕ್ಕೆ ನಾಟಕ ಮುಗಿಯಿತು. ಮರಳಿಸಿದೆ.

ವಿಭಾಳ ಮನೆಯಲ್ಲಿ ತಾಂಬೂಲದೊಂದಿಗೆ ತಟ್ಟೆಯಲ್ಲಿಟ್ಟದ್ದೆಲ್ಲ ಬಂದವರಿಗೆ ಕೊಡುವ ವಸ್ತು. ಸೀರೆಯಾಗಲಿ, ಬೆಳ್ಳಿ ಬಟ್ಟಲಾಗಲಿ, ಅವಳ ತಾಯಿ ಹಾಗೆಯೇ ಕೊಡುತ್ತಾರಂತೆ. ಹುಡುಗಿಗೆ ಅಷ್ಟೇ ಗೊತ್ತಿತ್ತು. ಎಪ್ಪತ್ತು ಪುಟದ ಮಾತು ಬಾಯಿಪಾಠ ಮಾಡಿಸಿದ ನಾನು ತಟ್ಟೆಯ ವಿಷಯ ಹೇಳಿಕೊಡಲಿಲ್ಲ.

8.35ಕ್ಕೆ ಅವಳು ಮೈಕು ಹಿಡಿದು, ವಿಶಾಲಾಕ್ಷಿ ಆಂಟಿ ತಮ್ಮ ತಾಯಿಯ ಕಿರೀಟವನ್ನೇ ನಮಗೆ ಕೊಟ್ಟಿದ್ದಾರೆ ಎಂದು ಸಾರಿದಳು. ಮುನ್ನೂರು ಜನ ಎದ್ದು ನಿಂತರು. ಚಪ್ಪಾಳೆ. ನಾನು ಅವಳಿಂದ ನಾಲ್ಕಡಿ ದೂರದಲ್ಲಿದ್ದೆ. ಬೇಡವೆನ್ನಲು ಬಾಯಿತ್ತು. ಮೈಕಿಲ್ಲದೆ ಕೊನೆಯ ಸಾಲಿಗೆ ಮುಟ್ಟುವ ಕಂಠ ಇತ್ತು. ಆದರೆ ಚಪ್ಪಾಳೆ ಕಿವಿಗೆ ಬಿದ್ದದ್ದೇ ತಡ, ನನ್ನ ಎರಡೂ ಕೈ ತಾವಾಗಿಯೇ ಕೂಡಿಕೊಂಡವು. ತಲೆ ಬಾಗಿಸಿದೆ. ಒಂದಲ್ಲ, ಎರಡು ಸಲ.

8.41ಕ್ಕೆ ಸವಾಲು ಗ್ರೀನ್‌ಫರ್ಡಿನ ಲೋಕೇಶ ಎಂಬವರಿಗೆ ನಿಂತಿತು. ಮದುವೆ ಮಂಟಪದ ಅಲಂಕಾರ ಬಾಡಿಗೆಗೆ ಕೊಡುವವರು.

ಮರುದಿನ ವಿಭಾಳನ್ನು ಕೇಳಿದೆ. ನೀವೇ ನಮಸ್ಕಾರ ಮಾಡಿದ್ರಲ್ಲ ಆಂಟಿ ಎಂದು ಅತ್ತಳು. ದುಡ್ಡು ವಾಪಸು ಕೊಡುತ್ತೇವೆಂದು ಲೋಕೇಶರನ್ನು ಬೇಡಿಕೊಂಡಳು. ಎರಡು ಮದುವೆಗೆ ಬುಕ್ ಆಗಿದೆ ಎಂದರಂತೆ. ಸಪ್ತಾಹ ಹಿಂದೆಂದೂ ಆಗದಷ್ಟು ಯಶಸ್ವಿಯಾಯಿತೆಂದು ಕಾಲೇಜಿನಿಂದ ನನಗೆ ಪತ್ರ ಬಂತು. ಅದರ ಮೇಲೆ ನಾನು ಕೈಮುಗಿದ ಫೋಟೋ.

ಇಂದು ಮಧ್ಯಾಹ್ನ 2.10ಕ್ಕೆ ಲೋಕೇಶರ ಗೋದಾಮಿಗೆ ಹೋದೆ. ಪ್ಲಾಸ್ಟರ್ ಗೊಂಬೆಯ ತಲೆಯ ಮೇಲೆ ಕಿರೀಟ ಕೂತಿತ್ತು. ಹೊಸದಾಗಿ ಚಿನ್ನದ ಬಣ್ಣ. ಡಲ್ ಆಗಿತ್ತು ಮೇಡಂ, ಸ್ಪ್ರೇ ಹೊಡೆಸಿದೆ ಎಂದರು. ಒಳಗಿನ ಬಟ್ಟೆಪಟ್ಟಿ ಎಲ್ಲಿ ಎಂದೆ. ಬೆವರಿನ ವಾಸನೆ ಬರ್ತಿತ್ತು, ಬೆಳಗ್ಗೆ ಕಿತ್ತು ಬಿಸಾಕಿದೆ ಎಂದರು.

ಅವರು ಫೋನಿಗೆ ತಿರುಗಿದಾಗ ಕಿರೀಟ ಎತ್ತಿಕೊಂಡು ಹೊರಬಂದೆ. ಓಡಲಿಲ್ಲ. ಇನ್ನೂರು ಮೀಟರ್ ದೂರದ ಬಸ್ ಸ್ಟಾಪಿನಲ್ಲಿ ಕೂತಿದ್ದಾಗ 2.35ಕ್ಕೆ ಪೊಲೀಸರು ಬಂದರು.

ಬೇರೆಯವರ ಸ್ವತ್ತೆಂದು ತಿಳಿದೇ ತೆಗೆದಿರಾ ಎಂದು ಅಧಿಕಾರಿ ಕೇಳಿದ್ದಾರೆ. ತಿಳಿದೇ ತೆಗೆದೆ. ಅವರಲ್ಲಿ ರಸೀದಿ ಇದೆ, ನನ್ನಲ್ಲಿ ಇಲ್ಲ. ವಿಭಾಳ ಮೇಲೆ ನನ್ನ ದೂರಿಲ್ಲ. ಕಿರೀಟವನ್ನು ಲೋಕೇಶರಿಗೆ ಕೊಡಬಹುದು, ತಕರಾರಿಲ್ಲ. ಗೋದಾಮಿನ ಕಸ ಸೋಮವಾರ ಬೆಳಗ್ಗೆ ಏಳಕ್ಕೆ ಒಯ್ಯುತ್ತಾರಂತೆ. ಅಷ್ಟರೊಳಗೆ ಒಬ್ಬರನ್ನು ಕಳಿಸಿ ಆ ಬಟ್ಟೆಪಟ್ಟಿ ಹುಡುಕಿಸಿ. ಕಪ್ಪಗಾದ ಕೆಂಪು ಬಟ್ಟೆ, ಎರಡು ಬೆರಳಗಲ.

ಮೇಲಿನದನ್ನು ದುಭಾಷಿ ಓದಿ ಹೇಳಿದರು, ಪೂರ್ತಿ ಕೇಳಿದೆ. ಎಲ್ಲ ನಿಜ, ತೆಗೆಯುವ ಮಾತಿಲ್ಲ.

ಸ್ಥಳ: ಗ್ರೀನ್‌ಫರ್ಡ್
ದಿನಾಂಕ: 22 ನವೆಂಬರ್ 2025, ಶನಿವಾರ, ಸಂಜೆ 4.50
ಸಹಿ: ವಿಶಾಲಾಕ್ಷಿ