ಅರವತ್ತಮೂರನೇ ಗೋರಿಯ ಹೆಸರು

ಇದು ಯಾರೋ ಕಟ್ಟಿದ ಕತೆಯಲ್ಲ. ನಮ್ಮ ಚಿಕ್ಕಮ್ಮನ ಮಗಳು ನಜ್ಲಾಗೇ ಆಗಿದ್ದು.

ಆವತ್ತು ಟ್ಯುನಿಸ್ ನಗರದ ಕೊನೇ ಬಸ್ಸೂ ಹೋಗಿತ್ತು. ನಾನೂ ಅವಳೂ ಕಡಲ ದಂಡೆಯ ಗೋರಿಗಳ ಪಕ್ಕ, ಹಾಳುಬಾವಿ ದಾಟಿ ಮನೆಗೆ ನಡೀತಿದ್ವಿ. ಬಾವಿಯ ರಾಟೆ... ಕಿರ್ರ್... ಕಿರ್ರ್... ಗಾಳಿಯಿಲ್ಲ. ಹಗ್ಗವೂ ಇಲ್ಲ.

ನಜ್ಲಾ ನನ್ನ ತೋಳು ಹಿಡಿದಳು.

"ಅಣ್ಣಾ... ಅರವತ್ತಮೂರನೇ ಗೋರಿ ಯಾರದು?"

"ಯಾರಿಗೆ ಗೊತ್ತು? ದೋಣಿ ಮುಳುಗಿ, ಸಮುದ್ರ ತಂದು ಹಾಕಿದ ಹೆಣ. ಬರೀ ನಂಬರು."

"ನಂಗೆ ಗೊತ್ತು," ಪಿಸುಗುಟ್ಟಿದಳು.

ಅವಳು ಪುರಸಭೆಯ ವೆಬ್‌ಸೈಟಿನ ಕಾವಲು ನೋಡ್ಕೊಳ್ಳೋಳು. ಯಾರಾದರೂ ಅನುಮಾನ ಬರೋ ಹಾಗೆ ಒಳಗೆ ಇಣುಕಿದರೆ ಲಾಗ್ ಅನ್ನೋ ದಾಖಲೆಯಲ್ಲಿ ಒಂದು ಸಾಲು ಬೀಳುತ್ತೆ. ಸಾಲಿನಲ್ಲಿ ಕಂಸದೊಳಗೊಂದು ಟ್ಯಾಗು... 'ದಾಳಿ', 'ಸ್ಕ್ಯಾನ್', ಹೀಗೆ. ಆವತ್ತು ಸಾವಿರಾರು ಸಾಲಿನಿಂದ ಟ್ಯಾಗುಗಳನ್ನಷ್ಟೇ ಹೆಕ್ಕೋಕೆ ಅವಳು ರೆಗ್ಯುಲರ್ ಎಕ್ಸ್‌ಪ್ರೆಶನ್ ಬರೆದಿದ್ದಳು. ಈ ಕಂಸದಿಂದ ಆ ಕಂಸದ ತನಕ ಇರೋದನ್ನ ಕಿತ್ತು ಕೊಡು ಅನ್ನೋ ಥರದ ಪ್ಯಾಟರ್ನು. ಪಟ್ಟಿ ಬಂತು. ಅದರಲ್ಲೊಂದು ಹೆಣ್ಣಿನ ಹೆಸರು... ಕಾದಿಯಾತು.

ಜೊತೆ ಕೆಲಸದ ಮುಂಜಿ ನಕ್ಕ. "ನಿನ್ನ ಪ್ಯಾಟರ್ನೂ ನಿನ್ನ ಹಾಗೇ ಹೊಟ್ಟೆಬಾಕ ಕಣೇ. ಕಂಸ ದಾಟಿ ಪಕ್ಕದ ತಟ್ಟೆಗೂ ಕೈ ಹಾಕಿದೆ!"

"ಬಾಯ್ಮುಚ್ಚೋ." ಮುಚ್ಚುವ ಕಂಸ ಸಿಕ್ಕ ಕೂಡಲೇ ನಿಲ್ಲೋ ಹಾಗೆ ಪ್ಯಾಟರ್ನನ್ನ ಬಿಗಿ ಮಾಡಿದಳು. ಎಂಟರ್... ಟಕ್.

ಕಾದಿಯಾತು. ಕಾದಿಯಾತು. ಕಾದಿಯಾತು... ನಲವತ್ತು ಸಲ.

ಅಂಥ ಟ್ಯಾಗು ಅವರ ನಿಯಮಗಳಲ್ಲಿ ಎಲ್ಲೂ ಇಲ್ಲ. ಆ ನಲವತ್ತೂ ಸಾಲು ತಟ್ಟಿದ್ದು ಒಂದೇ ಪುಟ, ಹೆಸರಿಲ್ಲದ ಗೋರಿಗಳದ್ದು, ನಂಬರ್ ಅರವತ್ತಮೂರು. ಬಂದಿದ್ದು ಹೊರಗಿನಿಂದಲ್ಲ... ಅದೇ ವೆಬ್‌ಸೈಟಿನ ಯಂತ್ರದ ಒಳಗಿನಿಂದ. ಮುಂಜಿ ಮತ್ತೆ ನಗಲಿಲ್ಲ.

"ಹಾಗಾದ್ರೆ ಹೆಸರು ಹಾಕಿಬಿಡೇ," ಅಂದೆ ನಾನು, ದಾರಿ ನಡೀತಾ.

"ಯಾರನ್ನ ಕೇಳಿ ಹಾಕ್ಲಿ? ಕೆಲಸ ಹೋಗುತ್ತೆ ಅಣ್ಣಾ."

ಕಿರ್ರ್... ಈ ಸಲ ಹತ್ತಿರದಲ್ಲೇ.

"ಹಾಕ್ತೀನಮ್ಮಾ... ಹಾಕ್ತೀನಿ," ಅಂದಳು. ನನಗಲ್ಲ.

ಬೆಳಿಗ್ಗೆ ಯಾರನ್ನೂ ಕೇಳದೆ ಆ ಪುಟಕ್ಕೆ ಹೆಸರು ಸೇರಿಸಿದಳು. ಮೂರನೇ ದಿನ, ಆ ಪುಟ ನೋಡಿ, ಗಿನಿ ದೇಶದಿಂದ ಸೆಕು ಅನ್ನೋನ ಫೋನು. ಎರಡು ವರ್ಷದಿಂದ ದೋಣಿ ಹತ್ತಿದ್ದ ತಂಗಿ ಕಾದಿಯಾತೂನ ಹುಡುಕ್ತಿದ್ದನಂತೆ. ಬಂದ. ಹೆಣದ ಮೈಮೇಲಿದ್ದ ಬಟ್ಟೆಯ ಫೋಟೋ ತೋರಿಸಿದ್ವಿ. ಫೋಟೋದಲ್ಲಿನ ಹೊಲಿಗೆ ಮೇಲೆ ಬೆರಳಾಡಿಸಿದ. "ನಾನೇ ಹೊಲಿದಿದ್ದು," ಅಂದ.

ಹೆಸರಿನ ಕಲ್ಲು ನಾನೇ ನಿಂತು ನೆಡಿಸಿದೆ. ಬುಡಕ್ಕೆ ಸಿಮೆಂಟು ಹಾಕಿಸಿದೆ. ಆಮೇಲೆ ನಾಲ್ಕು ಬೇಸಿಗೆ ಕಳೀತು. ಆ ಸಿಮೆಂಟು ಇನ್ನೂ ಒಣಗಿಲ್ಲ.

ನಗಬೇಡಿ. ನಾಳೆ ಮಧ್ಯಾಹ್ನ ಬನ್ನಿ... ಬೆರಳು ಒತ್ತಿ ನೋಡಿ.