ಕರೆಂಟಿಗೂ ಒಂದು ಟೈಂಟೇಬಲ್

ವೇದಿಕೆಯ ನಡುವೆ ಕುಳಿತಿರುವ ನಮ್ಮ ವಸತಿ ಸಂಘದ ಅಧ್ಯಕ್ಷರೇ, ಹಾಗೂ ನನ್ನ ಹೆಂಡತಿಯ ಅಣ್ಣನವರೇ (ಇಬ್ಬರೂ ಒಬ್ಬರೇ ಆದ್ದರಿಂದ ಒಂದೇ ವಂದನೆ ಸಾಕು, ಅಷ್ಟು ಉಳಿಯಿತು), ಮುಖ್ಯ ಅತಿಥಿಗಳಾದ ವಿದ್ಯುತ್ ಕಚೇರಿಯ ಇಂಜಿನಿಯರ್ ಸಾಹೇಬರೇ, ಮತ್ತು ಸಭಿಕರೇ,

ಈ ಬಾರಿ ಅತಿ ಕಡಿಮೆ ಕರೆಂಟು ಬಿಲ್ಲು ಬಂದ ಮನೆಯೆಂದು ನನಗೆ ಫಲಕ ಕೊಟ್ಟಿದ್ದೀರಿ. ಇದಕ್ಕೆ ನಾನು ಅರ್ಹನೋ ಅಲ್ಲವೋ? ಅರ್ಹನೇ ಎಂದು ವಿನಯದಿಂದ ಹೇಳುತ್ತೇನೆ.

ಇದರಲ್ಲಿ ಗುಟ್ಟೇನೂ ಇಲ್ಲ. ಸಂಜೆ ಆರರಿಂದ ಹತ್ತರವರೆಗೆ ಊರಿಗೆ ಊರೇ ಸ್ವಿಚ್ಚು ಒತ್ತುತ್ತದೆ. ಆಗ ದರ ಹೆಚ್ಚು. ಹಗಲು ಹೊತ್ತು ಕರೆಂಟನ್ನು ಕೇಳುವವರೇ ಕಡಿಮೆ. ಆಗ ದರವೂ ಕಡಿಮೆ. ಅದೇ ಬಟ್ಟೆ, ಅದೇ ಮೆಷಿನ್ನು. ಸಂಜೆ ಒಗೆದರೆ ಒಂದು ಬಿಲ್ಲು, ಮಧ್ಯಾಹ್ನ ಒಗೆದರೆ ಇನ್ನೊಂದು. ಕೊಳೆಗೇನು ಗಡಿಯಾರ ಗೊತ್ತೇ?

ನಾನು ಮುಖ್ಯೋಪಾಧ್ಯಾಯನಾಗಿದ್ದವನು. ಬದುಕಿಡೀ ಶಾಲೆಗೆ ಟೈಂಟೇಬಲ್ ಹಾಕಿದ ಕೈ ಸುಮ್ಮನಿರುತ್ತದೆಯೇ? ನಿವೃತ್ತನಾದ ಮೇಲೆ ಮನೆಗೂ ಒಂದು ಹಾಕಿದೆ. ಮೊದಲ ಪೀರಿಯಡ್ ವಾಷಿಂಗ್ ಮೆಷಿನ್, ಎರಡನೆಯದು ಇಸ್ತ್ರಿ, ಊಟದ ಬಿಡುವಿಗೆ ಮುಂಚೆ ಮಿಕ್ಸಿ. ಸಂಜೆ ಎಲ್ಲಕ್ಕೂ ರಜೆ. ಅಡುಗೆಮನೆ ಬಾಗಿಲಿಗೆ ಅಂಟಿಸಿ, ಕೆಳಗೆ ಸಹಿ ಹಾಕಿದೆ. ಹೆಂಡತಿ ಓದಿ ನೋಡಿ, "ಸೀಲು ಎಲ್ಲಿ ರೀ?" ಎಂದಳು. ಸೀಲನ್ನೂ ಒತ್ತಿದೆ.

ಅವಳು ಎಲ್ಲಕ್ಕೂ ಹೊಂದಿಕೊಂಡಳು. ತಕರಾರು ಒಂದೇ, ಸಂಜೆ ಏಳರ ಧಾರಾವಾಹಿ. "ಅದೇ ಕಂತು ಮರುದಿನ ಮಧ್ಯಾಹ್ನ ಮತ್ತೆ ಬರುತ್ತೆ, ಆಗ ನೋಡು" ಎಂದೆ. ಅದಕ್ಕೂ ಒಪ್ಪಿದಳು. ಆದರೆ ನಾನು ಸಂಜೆ ವಾಕಿಂಗಿಗೆ ಹೋದಾಗ, ಗೇಟಿನ ವಾಚ್‌ಮನ್ ಮೊಬೈಲಿನಲ್ಲಿ ನೋಡುತ್ತಿದ್ದ ಕಂತನ್ನು ಅವನ ಹೆಗಲ ಮೇಲಿಂದ ಇಣುಕಿ ನೋಡಿ, ಮನೆಗೆ ಬಂದು ಪೂರ್ತಿ ಕಥೆ ಹೇಳಿಬಿಡುತ್ತಿದ್ದೆ. ಕಥೆ ಗೊತ್ತಾದ ಮೇಲೆ ಟಿವಿಯೇ ಬೇಡವಲ್ಲ? ಅದೂ ಉಳಿತಾಯವಲ್ಲವೇ? ನೀವೇ ಹೇಳಿ.

ನಾಯಕಿಯ ಕಳೆದುಹೋದ ಅಕ್ಕ ಯಾರೆಂದು ನಾನು ಹೇಳಿದ ದಿನವೇ ಅವಳು ದಿಂಬು ಎತ್ತಿಕೊಂಡು ಅಣ್ಣನ ಮನೆಗೆ ಹೋದಳು. ಈ ಫಲಕ ತಂದುಕೊಟ್ಟದ್ದು ಅದಾದ ಮೇಲಿನ ಬಿಲ್ಲು. ಒಬ್ಬನೇ ಇರುವ ಮನೆಯಲ್ಲಿ ಕರೆಂಟು ಎಷ್ಟು ಬೇಕಾದೀತು? ಅಧ್ಯಕ್ಷರ ಬಿಲ್ಲು ಯಾಕೆ ಏರಿತೆಂದು ಇಂಜಿನಿಯರ್ ಸಾಹೇಬರು ಆಗಲೇ ಕೇಳುತ್ತಿದ್ದರು. ಸಾಹೇಬರೇ, ಉತ್ತರ ಮೂರನೆಯ ಸಾಲಿನಲ್ಲಿ ಕುಳಿತಿದೆ. ನನ್ನ ಕಡೆ ನೋಡುತ್ತಿಲ್ಲ.

ಅವಳಿಲ್ಲದೆ ಮನೆ ಬಿಕೋ ಎನ್ನುತ್ತದೆ. ಇದನ್ನು ಮೈಕಿನಲ್ಲಿ ಹೇಳಬೇಕೆಂದು ಬಂದವನಲ್ಲ ನಾನು.

ಆದ್ದರಿಂದ ಒಂದು ಪ್ರಕಟಣೆ. ಹೊರಡುವಾಗ ಮನೆಯ ಎಲ್ಲ ದೀಪ, ಎಲ್ಲ ಫ್ಯಾನು, ಟಿವಿ, ಒಂದನ್ನೂ ಬಿಡದೆ ಹಾಕಿ ಬಂದಿದ್ದೇನೆ. ಗಂಟೆ ಏಳಾಗುತ್ತ ಬಂತು. ದಿನದಲ್ಲೇ ದುಬಾರಿ ಹೊತ್ತು. ಖಾಲಿ ಕೋಣೆಯಲ್ಲಿ ಫ್ಯಾನು ತಿರುಗಿದರೆ ನನಗಿಂತ ಹೆಚ್ಚು ಹೊಟ್ಟೆ ಉರಿದುಕೊಳ್ಳುವ ಜೀವ ಈ ಸಭೆಯಲ್ಲಿ ಒಂದೇ ಇದೆ.

ಎದ್ದಳು. ಸ್ವಲ್ಪ ದಾರಿ ಬಿಡಿ. ಇತ್ತಲೇ ಬರುತ್ತಿದ್ದಾಳೆ. ಕೈ ಚಾಚಿರುವುದು ಫಲಕಕ್ಕಲ್ಲ, ಬೀಗದ ಕೈಗೆ. ತಗೋ. ಎಲ್ಲ ಆರಿಸು, ಟಿವಿ ಒಂದನ್ನು ಬಿಡು. ಇವತ್ತಿನ ಕಥೆ ನೀನೇ ನನಗೆ ಹೇಳು.

ಅಧ್ಯಕ್ಷರಿಗೂ, ಅವರ ಏರಿದ ಬಿಲ್ಲಿಗೂ, ತಾಳ್ಮೆಯಿಂದ ಕೂತ ನಿಮಗೆಲ್ಲರಿಗೂ ನಾನು ಋಣಿ. ಅವಳು ಆಗಲೇ ಬಾಗಿಲು ದಾಟಿದಳು, ನಾನೂ ಓಡಬೇಕು. ನಮಸ್ಕಾರ.